ನಾಗತ್ತೆಯ ಗಿಳಿಗಳು

ಮೈದಾ ಅಂಟು ಕುದಿಯುವ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ನಮ್ಮ ಹಳೆಯ ಮನೆ ನೆನಪಾಗುತ್ತದೆ. ಮೊನ್ನೆ ಚಳ್ಳಕೆರೆಯಲ್ಲಿ ಗೋಡೆಗೆ ಪೋಸ್ಟರ್ ಹಚ್ಚುವವರು ಡಬ್ಬದಲ್ಲಿ ಅಂಟು ಕಾಯಿಸುತ್ತಿದ್ದರು. ಬಸ್ಸು ಬಂದರೂ ಹತ್ತದೆ ನಿಂತುಬಿಟ್ಟೆ. ಈಗ ಕೆಡವಿಹಾಕಿರುವ ನಮ್ಮ ಮೊಳಕಾಲ್ಮೂರಿನ ಮನೆಯಲ್ಲಿ, ಅಪ್ಪನ ಮಗ್ಗದ ಪಕ್ಕದ ಕೋಣೆಯಲ್ಲಿ, ಇದೇ ವಾಸನೆಯ ನಡುವೆ ನಾಗತ್ತೆ ಕೂತಿರುತ್ತಿದ್ದಳು. ಅಪ್ಪನ ತಂಗಿ ಅವಳು. ಮದುವೆಯಾದ ವರ್ಷವೇ ಗಂಡ ಸತ್ತು ತವರಿಗೆ ಬಂದವಳು. ನಿಮ್ಮ ಮನೆಯಲ್ಲೂ ಇಂಥ ಒಬ್ಬ ಅತ್ತೆ ಇದ್ದಿರಬಹುದು. ನಾಗತ್ತೆ ಬಣ್ಣದ ಕಾಗದವನ್ನು ಮಡಿಸಿ ಮಡಿಸಿ, ಗೆರೆಯನ್ನೂ ಎಳೆಯದೆ ಕತ್ತರಿ ಆಡಿಸುತ್ತಿದ್ದಳು. ಬಿಡಿಸಿದರೆ ಕೊಕ್ಕಿಗೆ ಕೊಕ್ಕು ತಾಗಿಸಿದ ಗಿಳಿಗಳ ಸಾಲು! ಆದರೇನು ಬಂತು, ಊರಿಗೆ ಆ ಕೈ ಬೇಕಾಗಿದ್ದು ಹೆಣ ಕೂರಿಸಿ ಒಯ್ಯುವ ವಿಮಾನದ ಅಲಂಕಾರಕ್ಕೆ ಮಾತ್ರ. ಯಾರಾದರೂ ಸತ್ತರೆ ನಮ್ಮ ಬಾಗಿಲಿಗೆ ಓಡಿಬರುತ್ತಿದ್ದ ಜನಕ್ಕೆ, ಮದುವೆ ಚಪ್ಪರಕ್ಕೆ ಗಂಡ ಸತ್ತವಳು ಮುಟ್ಟಿದ ಕಾಗದ ಆಗುತ್ತಿರಲಿಲ್ಲ.

ನಮ್ಮಕ್ಕನನ್ನು ಎತ್ತಿ ಆಡಿಸಿ ಬೆಳೆಸಿದವಳು ನಾಗತ್ತೆಯೇ. ಅಕ್ಕನ ಮದುವೆ ಗೊತ್ತಾದಾಗ ಅವ್ವನ ಕೈ ಹಿಡಿದುಕೊಂಡಳು. "ಇದೊಂದು ಚಪ್ಪರಕ್ಕೆ ನಾನು ಕತ್ತರಿಸ್ತೀನಿ ಅತ್ತಿಗೆ. ಇನ್ನೇನೂ ಕೇಳಲ್ಲ." ಅವ್ವ ಸುತ್ತ ನೋಡಿ, "ಯಾರಿಗೂ ಗೊತ್ತಾಗ್ಬಾರ್ದು. ಕೇಳಿದ್ರೆ ಪ್ಯಾಟೆಯಿಂದ ತಂದಿದ್ದು ಅಂತೀನಿ" ಎಂದಳು. ಅತ್ತೆ ಬಾಗಿಲು ಹಾಕಿಕೊಂಡು ಕತ್ತರಿಸಿದಳು, ಹಸಿರು ಗಿಳಿ, ಕೆಂಪು ಗಿಳಿ. ಕತ್ತರಿಸುತ್ತ ಹಾಡು ಗುನುಗಿದಳು. ಅವಳು ಗುನುಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮದುವೆಯ ಬೆಳಿಗ್ಗೆ ಗಂಡಿನ ಕಡೆಯವರು ಚಪ್ಪರದೊಳಗೆ ಕಾಲಿಡುತ್ತಿದ್ದರು. ನಮ್ಮ ಬೀದಿಯವಳೇ ಒಬ್ಬಳು ಮೇಲೆ ನೋಡಿ ಕೂಗಿದಳು: "ಅಯ್ಯೋ, ನಮ್ಮಪ್ಪನ ಇಮಾನಕ್ಕೂ ಇವೇ ಗಿಳಿ ಅಂಟಿಸಿದ್ರಲ್ಲೇ!" ಗಂಡಿನ ದೊಡ್ಡಪ್ಪ ಹಿಂದಕ್ಕೆ ಸರಿದು, "ಕಿತ್ತಾಕ್ರಿ ಅವನ್ನ. ಇಲ್ಲಾಂದ್ರೆ ನಾವು ವಾಪಸ್ ಹೋಗ್ತೀವಿ" ಎಂದ. ಅಪ್ಪನೇ ಏಣಿ ಹತ್ತಿ ಕಿತ್ತ. ಅಂಟು ಇನ್ನೂ ಹಸಿಯಾಗಿತ್ತು. ಎಲ್ಲ ಮುಗಿದ ಮೇಲೆ ಕೋಣೆಯೊಳಗಿಂದ ಅತ್ತೆ ಕೇಳಿದ್ದು ಇಷ್ಟೇ: "ಮಗಿಗೆ ತಾಳಿ ಕಟ್ಟಿದ್ರಾ, ಅತ್ತಿಗೆ?"

ಆಮೇಲೂ ಸತ್ತವರ ಮನೆಯವರು ಬರುತ್ತಿದ್ದರು, ಇವಳು ಕತ್ತರಿಸಿ ಕೊಡುತ್ತಿದ್ದಳು. ನಾಚಿಕೆಗೆಟ್ಟ ಜನ! ಆದರೆ ಗಿಳಿಯನ್ನು ಮತ್ತೆ ಕತ್ತರಿಸಲೇ ಇಲ್ಲ. ಬರೀ ಹೂವು, ಬಳ್ಳಿ. ಅಪ್ಪ ಹೋದ, ಅವ್ವ ಹೋದಳು, ಮಗ್ಗ ನಿಂತಿತು. ಕೊನೆಗೆ ಅತ್ತೆಯೂ ಹೋದಳು. ಅವಳ ವಿಮಾನಕ್ಕೆ ಕಾಗದ ಕತ್ತರಿಸಲು ಯಾರಿಗೂ ಬರುತ್ತಿರಲಿಲ್ಲ. ಉಡಿಸಲು ಸೀರೆ ಬೇಕೆಂದು ಅಕ್ಕ ಅವಳ ಟ್ರಂಕು ತೆಗೆದಳು. ಸೀರೆಗಳ ಅಡಿಯಲ್ಲಿ ಆ ಚಪ್ಪರದ ಗಿಳಿಗಳಿದ್ದವು, ಬಣ್ಣ ಮಾಸಿ, ಕೆಲವಕ್ಕೆ ಕೊಕ್ಕು ಹರಿದು. ಅಕ್ಕ ನೆಲಕ್ಕೆ ಕುಸಿದು ಗೊಳೋ ಎಂದು ಅತ್ತಳು. ಆಮೇಲೆ ಎದ್ದು, ತಾನೇ ಅಂಟು ಕಾಯಿಸಿ, ಒಂದೊಂದನ್ನೇ ವಿಮಾನಕ್ಕೆ ಹಚ್ಚಿದಳು. ಬೀದಿಯವರು ಬಂದು ನಿಂತು ನೋಡಿದರು. "ಎಷ್ಟು ಚೆನ್ನಾಗವೆ ಗಿಳಿ" ಎಂದರು. ಈ ಸಲ ಕೀಳಿ ಎಂದು ಯಾರೂ ಅನ್ನಲಿಲ್ಲ.