ಹದಿನಾರು ನಿಮಿಷದ ಸೀರೆ

ನನಗೆ ಸಿಟ್ಟು ಬೇಗ ಬರುತ್ತದೆ. ಹುನಗುಂದದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳಿಗೆ ಅದು ಕಸುಬಿನ ಜೊತೆಗೇ ಬರುತ್ತದೆ ಎಂದುಕೊಳ್ಳಿ. ಆದರೆ ಶನಿವಾರ ಶಾಲೆ ಬಿಟ್ಟ ಮೇಲೆ ಕೀಬೋರ್ಡು ಹೆಗಲಿಗೇರಿಸಿ ಇಳಕಲ್ ಬಸ್ಸು ಹತ್ತಿದೆನೆಂದರೆ ನನ್ನಷ್ಟು ಖುಷಿಯ ಹೆಂಗಸು ಇಡೀ ಜಿಲ್ಲೆಯಲ್ಲಿಲ್ಲ. ಇಳಕಲ್ಲಿನಲ್ಲಿ ನಮ್ಮ ಬ್ಯಾಂಡು ಇದೆ. ಮೂರೇ ಜನ. ಕೀಬೋರ್ಡು ನಾನು. ಗಿಟಾರು ಬಾರಿಸುವವನು ಅಮೀನಗಡದಲ್ಲಿ ಅಪ್ಪನ ಅಂಗಡಿ ನೋಡಿಕೊಳ್ಳುತ್ತಾನೆ, ಒಣಹಣ್ಣು, ಬೆಲ್ಲ, ತಿನ್ನುವ ಅಂಟು ಹಾಕಿ ಮಾಡುವ ಕರದಂಟಿನದು. ಡ್ರಮ್ಮಿನವನು ಇಳಕಲ್ಲಿನ ನೇಕಾರರ ಮನೆಯವನು, ಮಾತು ಕಡಿಮೆ. ಅವನ ಮನೆಯ ಹಿಂದಿನ ಖೋಲಿಯಲ್ಲೇ ನಮ್ಮ ತಾಲೀಮು. ಗೋಡೆಯ ಆಚೆ ಅವನ ಅವ್ವ ಮಗ್ಗದ ಮುಂದೆ ಕೂತಿರುತ್ತಾರೆ.

ನಾವು ಬಾರಿಸುವುದು ಪ್ರೊಗ್ರೆಸಿವ್ ರಾಕ್. ಹಾಗೆಂದರೇನು ಎಂದು ಯಾರಾದರೂ ಕೇಳಿದರೆ ಗಿಟಾರಿನವನು, "ಬಿಸಿ ರೊಟ್ಟಿ ಆರೂತನಕಾ ಮುಗೀಲಾರದ ಹಾಡುರಿ" ಎನ್ನುತ್ತಾನೆ. ಹೊಟ್ಟೆ ಹೊರೆಯುವುದೇನೋ ಮದುವೆ ರಿಸೆಪ್ಷನ್ನಿನ ಸಿನಿಮಾ ಹಾಡುಗಳೇ. ನಮ್ಮದೇ ಎಂದು ಹೇಳಿಕೊಳ್ಳುವ ಹಾಡು ಒಂದೇ ಒಂದು, ಅದೂ ಹದಿನಾರು ನಿಮಿಷದ್ದು. ಒಮ್ಮೆ ಬಾದಾಮಿಯ ಒಂದು ಹೋಟೆಲಿನ ಅಂಗಳದಲ್ಲಿ ಅದನ್ನು ಪೂರ್ತಿ ಬಾರಿಸಿದ್ದೆವು. ಗುಹೆ ಹತ್ತಿ ಇಳಿದು ದಣಿದಿದ್ದ ಆರು ಪ್ರವಾಸಿಗರು ಮತ್ತು ಒಂದು ಮಂಗ ನಮ್ಮ ಶ್ರೋತೃಗಳು. ಕೊನೆಯವರೆಗೆ ಕೂತದ್ದು ಮಂಗ ಮಾತ್ರ.

ಆ ಹಾಡನ್ನು ಇಳಕಲ್ ಸೀರೆಯ ಹಾಗೆ ಕಟ್ಟಿದ್ದೇವೆ. ಸೀರೆಯಲ್ಲಿ ಒಡಲಿನ ಎಳೆಗಳು ಬೇರೆ, ಸೆರಗಿನ ಎಳೆಗಳು ಬೇರೆ. ಎರಡನ್ನೂ ಒಂದರೊಳಗೊಂದು ಕುಣಿಕೆ ಹಾಕಿ ಕೈಯಿಂದಲೇ ಕೂಡಿಸುತ್ತಾರೆ. ಅದೇ ಕೊಂಡಿ. ಇಲ್ಲಿನ ಹಿರಿಯ ಹೆಂಗಸರು ಸೀರೆ ಕೊಳ್ಳುವಾಗ ಬಣ್ಣಕ್ಕೆ ಮರುಳಾಗುವುದಿಲ್ಲ. ಸೆರಗು ಮಗುಚಿ ಕೊಂಡಿಯ ಮೇಲೆ ಹೆಬ್ಬೆರಳು ಎಳೆಯುತ್ತಾರೆ. ಬೆರಳಿಗೆ ಗಂಟು ತಾಗಿದರೆ ಕೈಮಗ್ಗದ್ದು, ನುಣ್ಣಗಿದ್ದರೆ ಮಷೀನಿನದು. ನಮ್ಮ ಹಾಡಿನ ಒಡಲು ಏಳು ಮಾತ್ರೆಯದು, ಸೆರಗು ಹತ್ತು ಮಾತ್ರೆಯದು. ನಡುವಿನ ಎರಡು ನಿಮಿಷ ಡ್ರಮ್ಮಿನವನು ಏಳರಲ್ಲೇ ಉಳಿದಿರುತ್ತಾನೆ, ನಾನು ಹತ್ತಕ್ಕೆ ದಾಟಿರುತ್ತೇನೆ. ಕೇಳುವವರಿಗೆ ನಾವಿಬ್ಬರೂ ಜಗಳಕ್ಕೆ ಬಿದ್ದಿದ್ದೇವೆ ಎನಿಸುತ್ತದೆ. ಎಪ್ಪತ್ತು ಮಾತ್ರೆಗೊಮ್ಮೆ ಮಾತ್ರ ಇಬ್ಬರೂ ಒಂದೇ ಪೆಟ್ಟಿಗೆ ಬಂದು ಕೂಡುತ್ತೇವೆ. ನಾಲ್ಕು ಸಲ ಹಾಗೆ ಕೂಡಿದ ಮೇಲೆ ಸೆರಗು ಬಿಚ್ಚಿಕೊಳ್ಳುತ್ತದೆ.

ಹೋದ ಮದುವೆ ಹಂಗಾಮಿನಲ್ಲಿ ಇಳಕಲ್ಲಿನ ಗ್ರಾನೈಟ್ ವ್ಯಾಪಾರಿಯೊಬ್ಬರು ನಮ್ಮನ್ನು ಕರೆಸಿದರು. ಬಾಗಲಕೋಟೆಯ ದೊಡ್ಡ ಹಾಲಿನಲ್ಲಿ ಅವರ ಮಗಳ ರಿಸೆಪ್ಷನ್ನು. ನಮ್ಮ ಹಾಡನ್ನು ಮಗಳ ಫೋನಿನಲ್ಲಿ ಕೇಳಿದ್ದರಂತೆ.

"ಕಡೀಕ ಬರ್ತೈತಲ್ರಿ, ಅದು ಭಾಳ ಚಂದ ಐತಿ. ಮಗಳು ಒಳಗ ಬರೂ ಮುಂದ ಅದಷ್ಟ ಬಾರಸ್ರಿ, ನಾಕು ನಿಮಿಷ. ಚಲೋ ಜಮಾಸಿದ್ರ ನಮ್ಮ ಬಳಗದಾಗ ಇನ್ನೂ ಹನ್ನೆರಡು ಮದಿವಿ ಅದಾವ. ಎಲ್ಲಾ ನಿಮ್ಮವ."

ಹನ್ನೆರಡು ಮದುವೆ ಎಂದರೆ ನಮ್ಮ ಇಡೀ ವರ್ಷ. ಆದರೂ ಹೊರಗೆ ಬಂದೊಡನೆ ನಾನು ಸಿಡಿದೆ. "ನಾ ಒಲ್ಲೆ. ಸೆರಗಷ್ಟ ಕತ್ತರಿಸಿ ಕೊಡಾಕ ಇದೇನು ಕರವಸ್ತ್ರ ಅಲ್ಲ."

"ಅಕ್ಕೋರ, ಸಮಾಧಾನ," ಎಂದ ಗಿಟಾರಿನವನು. "ನಮ್ಮ ಅಂಗಡ್ಯಾಗ ಗಿರಾಕಿ ಅಂಟು ಕಮ್ಮಿ ಹಾಕ್ರಿ ಅಂದ್ರ ಹಾಕ್ತೀವಿ. ಆದ್ರೂ ಅದು ಕರದಂಟ."

"ಅಂಟು ತಗದ್ರ ಅದು ಚಿಕ್ಕಿ ಆಗ್ತೈತಿ, ತಮ್ಮಾ."

ಅವನು ನಕ್ಕ. ನನಗೆ ಇನ್ನಷ್ಟು ರೇಗಿತು. ಕಡೆಗೆ ಹನ್ನೆರಡು ಮದುವೆಗಳೇ ಗೆದ್ದವು. ಮುಂದಿನ ಶನಿವಾರ ಮುಖ ಊದಿಸಿಕೊಂಡೇ ನಾಲ್ಕು ನಿಮಿಷದ ತುಂಡನ್ನು ಬಾರಿಸಿದೆ.

ಗೋಡೆಯಾಚೆ ಮಗ್ಗ ನಿಂತಿತು. ಅವ್ವ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟರು. "ಇವತ್ಯಾಕ ಬರೇ ಸೆರಗ? ಕೊಂಡಿ ಎಲ್ಲಿ ಹೋತು?"

ಗಿಟಾರಿನವನು ಎಲ್ಲವನ್ನೂ ವಿವರಿಸಿದ. ಅವ್ವ ನಮ್ಮನ್ನು ಬೈಯುತ್ತಾರೆ ಎಂದು ನಾನು ಆಸೆಯಿಂದ ಕಾದೆ. ಅವರು ಬೈಯಲಿಲ್ಲ.

"ಪ್ಯಾಟಿಗಂತ ನಾನೂ ಅಗ್ಗದ ಸೀರಿ ನೇಯ್ತೇನಿ. ನೂಲು ಅಗ್ಗದ್ದು ಹಾಕ್ತೇನಿ, ಅಂಚು ಸಣ್ಣದು ಮಾಡ್ತೇನಿ. ಹೊಟ್ಟಿ ಕೇಳಬೇಕಲ್ಲ? ಕೊಂಡಿ ಮಾತ್ರ ಬಿಡಂಗಿಲ್ಲ. ಅದನ್ನ ಬಿಟ್ರ ಸೆರಗು ಕೈಯಾಗ ಬರ್ತೈತಿ." ಅಷ್ಟು ಹೇಳಿ ಮತ್ತೆ ಮಗ್ಗಕ್ಕೆ ಹೋದರು.

ಆಗ ಡ್ರಮ್ಮಿನವನು ಆ ತಿಂಗಳ ತನ್ನ ಮೊದಲ ಮಾತು ಆಡಿದ. "ಕೊಂಡಿ ಬಿಟ್ಟು ನಾ ಬಾರಸಂಗಿಲ್ಲ."

ಒಡಲನ್ನು ಬಿಡುವುದು, ಕೊಂಡಿ ಮತ್ತು ಸೆರಗು ಸೇರಿ ಆರು ನಿಮಿಷ ಬಾರಿಸುವುದು ಎಂದು ತೀರ್ಮಾನವಾಯಿತು. ಗಿಟಾರಿನವನು ವ್ಯಾಪಾರಿಗೆ ಫೋನು ಮಾಡಿ ಬೆಣ್ಣೆ ಹಚ್ಚಿದ. ಅವರು ಒಪ್ಪಿದರು, ಒಂದು ಷರತ್ತು ಹಾಕಿ. "ಆತು. ಆದ್ರ ಮಂದಿ ಎದ್ದು ಊಟಕ್ಕ ಹ್ವಾದ್ರಂದ್ರ ಆ ಹನ್ನೆರಡನ್ನೂ ಮರ್ತಬಿಡ್ರಿ."

ರಿಸೆಪ್ಷನ್ನಿನ ದಿನ ಸಂಜೆ ನಾನು ಹೊಸ ಇಳಕಲ್ ಸೀರೆ ಉಟ್ಟು ಹೋದೆ. ಅದನ್ನು ಬಸ್‌ಸ್ಟ್ಯಾಂಡಿನ ಹತ್ತಿರ ಗಡಿಬಿಡಿಯಲ್ಲಿ ಕೊಂಡದ್ದು, ಕೆಂಪು ಸೆರಗು ಲೈಟಿಗೆ ಝಗಮಗ ಅನ್ನುತ್ತಿತ್ತು. ದಾರಿಯುದ್ದಕ್ಕೂ ಗಿಟಾರಿನವನಿಗೆ ಕಲೆ, ನಿಯತ್ತು, ಖೊಟ್ಟಿ ಮಾಲು ಎಂದೆಲ್ಲ ಉಪದೇಶ ಮಾಡಿದೆ. ಪಾಪ, ಅವನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ.

ಹಾಡಿಗೆ ಮೊದಲು ಅವನೇ ಮೈಕು ಹಿಡಿದು, "ಇದು ಸೀರಿ ಹಂಗ ಕಟ್ಟಿದ ಹಾಡ್ರಿ. ಮೊದಲ ಕೊಂಡಿ, ಆಮ್ಯಾಲ ಸೆರಗು" ಎಂದ. ಮದುಮಗಳು ಬಾಗಿಲಲ್ಲಿ ಕಾಣಿಸಿಕೊಂಡಳು. ಕೊಂಡಿ ಶುರುವಾಯಿತು. ನಾನು ಹತ್ತರಲ್ಲಿ, ಡ್ರಮ್ಮಿನವನು ಏಳರಲ್ಲಿ. ಎರಡು ಹೆಜ್ಜೆ ಇಟ್ಟ ಮದುಮಗಳು ತಾಳ ಸಿಗದೆ ತಬ್ಬಿಬ್ಬಾಗಿ ನಿಂತಳು. ಮೊದಲ ಸಲ ಕೂಡಿದಾಗ ಹಾಡು ಮುಗಿಯಿತೆಂದು ನಿರೂಪಕ ಚಪ್ಪಾಳೆ ತಟ್ಟಿಸಿದ. ಎರಡನೆಯ ಸಲವೂ ತಟ್ಟಿಸಿದ. ಹಿಂದಿನ ಸಾಲಿನವರು ಎದ್ದು ಸೀದಾ ಊಟದ ಕಡೆ ನಡೆದರು. ವ್ಯಾಪಾರಿಯ ಮುಖ ಅವರ ಕಲ್ಲಿನಷ್ಟೇ ಗಟ್ಟಿಯಾಯಿತು. ಹೋತು, ಹನ್ನೆರಡೂ ಹೋದವು ಎಂದುಕೊಂಡೆ. ನಿಲ್ಲಿಸೋಣವೇ ಎಂದು ಡ್ರಮ್ಮಿನವನತ್ತ ನೋಡಿದೆ. ಅವನು ಕಣ್ಣು ಮುಚ್ಚಿ ಬಾರಿಸುತ್ತಿದ್ದ. ಮೂರನೆಯ ಸಲ ಕೂಡಿದೆವು. ಮದುಮಗಳು ನಕ್ಕು, ನಾವು ಕೂಡುವುದನ್ನೇ ಕಾಯುವವಳಂತೆ ಕೈ ಎತ್ತಿ ನಿಂತಳು. ನಾಲ್ಕನೆಯ ಪೆಟ್ಟಿಗೆ ಕೈ ಇಳಿಸಿದಳು, ಸೆರಗು ಬಿಚ್ಚಿಕೊಂಡಿತು, ಅವಳು ಕುಣಿಯುತ್ತಲೇ ವೇದಿಕೆಗೆ ಬಂದಳು. ಊಟಕ್ಕೆ ಹೋದವರು ಕೈಯಲ್ಲಿ ತಾಟು ಹಿಡಿದೇ ಹಾಲಿಗೆ ಮರಳಿ ಬಂದರು.

ಹಾಡು ಮುಗಿದ ಮೇಲೆ ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿ ಬೆರಳು ಮಾಡಿ ನನ್ನನ್ನು ಕರೆದರು. ವ್ಯಾಪಾರಿಯ ತಾಯಿ. ಪಕ್ಕದಲ್ಲೇ ವ್ಯಾಪಾರಿ, ಇನ್ನೂ ಗಂಟುಮುಖ.

"ಭಾಳ ಚಂದ ಬಾರಿಸಿದೆವ್ವಾ. ಬಾ ಇಲ್ಲೆ," ಎಂದು ಅಜ್ಜಿ ನನ್ನ ಸೆರಗನ್ನು ಹಿಡಿದೆಳೆದರು. ಮಗುಚಿದರು. ಹೆಬ್ಬೆರಳು ಎಳೆದರು. ಇನ್ನೊಮ್ಮೆ ಎಳೆದರು. ಆಮೇಲೆ ನನ್ನ ಮುಖವನ್ನೇ ನೋಡಿದರು.

"ಹಾಡಿನ ಕೊಂಡಿ ಖರೆ ಐತಿ. ಸೀರೀದು ಖೊಟ್ಟಿ."

ಅಯ್ಯೋ ಶಿವನೆ! ಅದು ಮಷೀನಿನ ಸೀರೆ ಎಂದು ಕೊಳ್ಳುವಾಗಲೇ ನನಗೆ ಗೊತ್ತಿತ್ತು. ಸ್ಟೇಜಿನ ಮೇಲೆ ಯಾರು ಮಗುಚಿ ನೋಡುತ್ತಾರೆ ಎಂದುಕೊಂಡಿದ್ದೆ. ನಾಚಿಕೊಂಡು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ಗಿಟಾರಿನವನು ಕುರ್ಚಿ ಹಿಡಿದುಕೊಂಡು ನಗತೊಡಗಿದ, ಕಣ್ಣಲ್ಲಿ ನೀರು ಬರುವಷ್ಟು. ಆ ನಗು ವ್ಯಾಪಾರಿಗೂ ಅಂಟಿತು. "ಹನ್ನೆರಡೂ ನಿಮ್ಮವ," ಎಂದರು ಹೊಟ್ಟೆ ಹಿಡಿದುಕೊಂಡು, "ಕೊಂಡಿ ಹಾಕೇ ಬಾರಸ್ರಿ. ಆದ್ರ ಅಕ್ಕೋರು ಖರೆ ಸೀರಿ ಉಟ್ಗೊಂಡು ಬರಬೇಕು."

ಮರುದಿನವೇ ಡ್ರಮ್ಮಿನವನ ಅವ್ವನ ಮುಂದೆ ಹೋಗಿ ನಿಂತೆ. ಅವರಿಗೆ ಸುದ್ದಿ ಆಗಲೇ ಮುಟ್ಟಿತ್ತು. ಏನೂ ಕೇಳದೆ ಮಗ್ಗದಿಂದ ಆಗಷ್ಟೇ ಇಳಿಸಿದ್ದ ಸೀರೆಯನ್ನು ನನ್ನ ತೋಳಿನ ಮೇಲೆ ಹಾಕಿದರು. ನನ್ನ ಕೈ ತಾನಾಗಿಯೇ ಅದರ ಸೆರಗು ಮಗುಚಿತು, ಹೆಬ್ಬೆರಳು ಕೊಂಡಿ ಹುಡುಕಿತು.

ಅವ್ವ ಆ ಕೈಯ ಮೇಲೆ ಫಟ್ಟನೆ ಒಂದು ಕೊಟ್ಟರು. "ಏಯ್, ನನ್ನ ಸೀರೀನ ಪರೀಕ್ಷಾ ಮಾಡ್ತೀಯೇನ!"