ಮುದುಕಿಗೆ ಪೆಟ್ಟು ಬೀಳದ ಆಟ

ಎಲ್ಲರೂ ಚಪ್ಪಾಳೆ ತಟ್ಟಿ ಮುಗಿಸಿದ ಮೇಲೆ ಇನ್ನೊಂದು ಚಪ್ಪಾಳೆ ಕೇಳಿಸಿತೆಂದರೆ ಅದು ಮಾಣಿಕಪ್ಪನವರದು. ಕಲಬುರಗಿಯ ಸ್ಟೇಶನ್ ಬಜಾರದ ಲಾಡ್ಜೊಂದರಲ್ಲಿ ಅವರು ಮ್ಯಾನೇಜರು, ನಾನು ಅವರ ಕೈಕೆಳಗಿನ ಗುಮಾಸ್ತ. ಡ್ಯೂಟಿಗೆ ಒಂದು ನಿಮಿಷ ತಡವಾಗಿ ಬಂದ ಮನುಷ್ಯನಲ್ಲ. ಆದರೆ ಅವರ ಕಿವಿಗೂ ಕೈಗೂ ನಡುವೆ ದೇವರು ಎಲ್ಲೋ ಒಂದು ರೈಲ್ವೆ ಗೇಟು ಹಾಕಿಬಿಟ್ಟಿದ್ದ. ಕೇಳಿದ್ದು ಕೈಗೆ ಬರುವಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತಿತ್ತು.

ತಾಳಜ್ಞಾನ ಇಲ್ಲದವರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ನಾನೂ ಒಬ್ಬ. ನಮಗೆ ಅದರ ಆಸೆಯೂ ಇಲ್ಲ, ಹಾಗಾಗಿ ಸುಖವಾಗಿದ್ದೇವೆ. ಮಾಣಿಕಪ್ಪನವರಿಗೆ ಆಸೆಯಿತ್ತು. ಅವರ ಊರು ಕಮಲಾಪುರ. ಅಲ್ಲಿನ ಮಠದ ಸೋಮವಾರದ ಭಜನೆಗೆ ಚಿಕ್ಕಂದಿನಿಂದ ತಪ್ಪದೆ ಹೋಗುತ್ತಿದ್ದರು. ಹಿಂದೆ ಗೋಡೆಗೆ ಒರಗಿ ಕೂತು ತಮ್ಮದೇ ಲೆಕ್ಕದಲ್ಲಿ ಚಪ್ಪಾಳೆ ತಟ್ಟುತ್ತಿದ್ದರು. ಭಜನೆ ನಡೆಸುವ ರೇವಣಪ್ಪ ಅವರ ಬಾಲ್ಯದ ಗೆಳೆಯ. ಆದರೂ ತಾಳವನ್ನು ಒಮ್ಮೆಯೂ ಅವರ ಕೈಗೆ ಕೊಟ್ಟವರಲ್ಲ.

"ಜಮಖಾನಿ ಹಾಸು, ಚಾ ಹಂಚು, ಏನ್ ಬೇಕಾದ್ದು ಮಾಡು. ತಾಳದ ತಂಟಿಗಿ ಬರಬ್ಯಾಡ ಅಂತಾನ್ರಿ ರೇವಣ್ಯಾ" ಎಂದು ಮಾಣಿಕಪ್ಪನವರು ಹೇಳಿಕೊಂಡು ನಗುತ್ತಿದ್ದರು. "ಸಾಯೂದ್ರೊಳಗ ಒಂದ್ ಪದಕ್ಕರೇ ತಾಳ ಹಿಡೀಬೇಕು ಸಲೀಂ ಭಾಯ್. ಒಂದೇ ಪದ" ಎನ್ನುವಾಗ ಮಾತ್ರ ನಗುತ್ತಿರಲಿಲ್ಲ.

ಗಿರಾಕಿಗಳು ಮರೆತುಹೋದ ಸಾಮಾನು ಇಡಲು ನಮ್ಮ ಕೌಂಟರಿನಲ್ಲಿ ಒಂದು ಡ್ರಾವರು ಇತ್ತು. ಚಾರ್ಜರುಗಳು, ಬನಿಯನ್ನು, ಯಾರದೋ ಕಟ್ಟಿಸಿದ ಹಲ್ಲಿನ ಸೆಟ್ಟು. ಅವುಗಳ ನಡುವೆ, ಎರಡೂ ಕೈಯಲ್ಲಿ ಹಿಡಿದು ಆಡುವಂಥ ಒಂದು ಹಳೆಯ ಗೇಮಿನ ಯಂತ್ರ ಬಹಳ ಕಾಲದಿಂದ ಬಿದ್ದಿತ್ತು. ಬಿಟ್ಟುಹೋದವನು ಫೋನು ಎತ್ತಲೇ ಇಲ್ಲ. ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಬೇಸರಕ್ಕೆ ಅದನ್ನು ಚಾರ್ಜಿಗೆ ಹಾಕಿದೆವು. ಜೀವ ಬಂತು.

ಒಳಗೆ ರಾಶಿ ಆಟಗಳು. ಹೆಸರೆಲ್ಲ ಜಪಾನಿ ಅಕ್ಷರದಲ್ಲಿ. ಗುಂಡು ಹಾರಿಸುವುದು, ಗುದ್ದಾಡುವುದು ಮಾಣಿಕಪ್ಪನವರಿಗೆ ಸೇರಲಿಲ್ಲ. "ಇವರಿಗಿ ಬ್ಯಾರೆ ಕೆಲಸಿಲ್ಲೇನ್ರಿ?" ಎನ್ನುತ್ತ ಮುಂದೆ ಮುಂದೆ ಒತ್ತುತ್ತ ಹೋದರು. ಎಲ್ಲಕ್ಕಿಂತ ಕೊನೆಯಲ್ಲಿ, ಯಾರೂ ಕಂಡು ಕೇಳಿರದ ವಿಚಿತ್ರ ಆಟಗಳು ಸಿಕ್ಕವು. ಒಂದರಲ್ಲಿ ಕಪ್ಪೆ ಹಾಡಿನ ಲಯಕ್ಕೆ ಕಲ್ಲಿನಿಂದ ಕಲ್ಲಿಗೆ ಹಾರಬೇಕು. ಇನ್ನೊಂದರಲ್ಲಿ ಪೋಸ್ಟಿನವನು ಲಯಕ್ಕೆ ಸರಿಯಾಗಿ ಠಸ್ಸೆ ಒತ್ತಬೇಕು. ಮತ್ತೊಂದರಲ್ಲಿ ಒರಳಿನ ತುಂಬ ಬಿಳಿ ಹಿಟ್ಟು. ಒಬ್ಬ ಮುದುಕಿ ಕೈ ಹಾಕಿ ಅದನ್ನು ತಿರುವುತ್ತಾಳೆ, ಅವಳು ಕೈ ತೆಗೆದಾಗ ನಾವು ಗುಂಡಿ ಒತ್ತಿ ಕೊಡತಿಯಿಂದ ಬಡಿಯಬೇಕು. ತಾಳ ತಪ್ಪಿದರೆ ಪೆಟ್ಟು ಅವಳ ಕೈಗೇ. ನಾನು ಆಡಿದಾಗ ಮುದುಕಿ ಶುರುವಿಗೇ ಕೈ ಒದರಿಕೊಂಡು ಅತ್ತಳು.

ಮಾಣಿಕಪ್ಪನವರು ಯಂತ್ರ ಇಸಿದುಕೊಂಡರು. ಆಟ ಶುರುವಾಗುವ ಮೊದಲು ತೆರೆಯ ಮೇಲೆ ಮೂರು ಚಿತ್ರ ಬರುತ್ತಿದ್ದವು, ಒಂದನ್ನು ಆರಿಸಬೇಕು; ನಾನು ಹುಲಿಯದನ್ನು ಒತ್ತಿದ್ದೆ. ಮುದ್ದಾಗಿದೆಯೆಂದು ಅವರು ಕೋಳಿಮರಿಯ ಚಿತ್ರ ಒತ್ತಿ, "ಹೆದರಬ್ಯಾಡ ಯವ್ವಾ" ಎಂದು ಮುದುಕಿಗೆ ಧೈರ್ಯ ಹೇಳಿ ಶುರುಮಾಡಿದರು. ಒಂದು ಪೆಟ್ಟೂ ಅವಳಿಗೆ ಬೀಳಲಿಲ್ಲ. ಹಾಡು ಮುಗಿದಾಗ ಮುದುಕಿ ಎದ್ದು ಕುಣಿದಳು, ಮೇಲಿಂದ ಹೂವು ಉದುರಿದವು. ಮಾಣಿಕಪ್ಪನವರ ಕಣ್ಣು ತುಂಬಿದ್ದವು.

ಅಂದಿನಿಂದ ಊಟವಾದ ಮೇಲೆ ದಿನಾ ಅದೇ ಆಟ. ರೂಮ್ ಬಾಯ್‌ಗಳು "ಅರವತ್ತಕ್ಕ ಅರಳು ಮರಳು" ಎಂದು ಮುಸಿಮುಸಿ ನಕ್ಕರು. ಮಾಣಿಕಪ್ಪನವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕೊನೆಗೊಂದು ದಿನ ಕಮಲಾಪುರದಿಂದ ಬಂದವರ ಮುಖ ಹೊಳೆಯುತ್ತಿತ್ತು. "ರೇವಣ್ಯಾ ಹೂಂ ಅಂದಾನ್ರಿ! ಬರೂ ಸೋಮಾರ ಒಂದ್ ಪದಕ್ಕ ನಂದೇ ತಾಳ. ಮುದುಕಿಗಿ ಒಂದ್ ಪೆಟ್ಟರೇ ಬಿದ್ದದೇನು, ನೀವೇ ಹೇಳ್ರಿ?"

ಬಿದ್ದಿರಲಿಲ್ಲ. ಅದೇ ನನಗೆ ಅನುಮಾನ. ಕೋಳಿಮರಿಯ ಕೆಳಗಿದ್ದ ಬರಹದ ಫೋಟೊ ತೆಗೆದು ಮೊಬೈಲಿನಲ್ಲಿ ಅರ್ಥ ನೋಡಿದೆ. 'ಪುಟ್ಟ ಮಕ್ಕಳಿಗೆ. ಯಾವಾಗ ಒತ್ತಿದರೂ ಅಜ್ಜಿಗೆ ನೋವಾಗುವುದಿಲ್ಲ' ಎಂದಿತ್ತು. ಮುಚ್ಚಿಡುವುದು ನನ್ನಿಂದಾಗಲಿಲ್ಲ, ತೋರಿಸಿದೆ.

ಅವರು ಮೊಬೈಲು ಇಸಿದುಕೊಂಡು ಎರಡು ಸಲ ಓದಿದರು. ಆಮೇಲೆ ಮೆಲ್ಲಗೆ, "ಅದರಾಗ ಒಂದೆರಡರೇ ನಾ ಹೊಡದದ್ದೇ ಬರೋಬರಿ ಬಿದ್ದಿರಬೇಕಲ್ರಿ ಸಲೀಂ ಭಾಯ್?" ಎಂದು ಕೇಳಿದರು.

"ಬಿದ್ದೇ ಬಿದ್ದಿರ್ತಾವ ಅಣ್ಣಾ" ಎಂದೆ. ಹೋಗಬೇಡಿ ಎನ್ನಲು ಬಾಯಿ ಬರಲಿಲ್ಲ. ಕಲಿಸೋಣವೆಂದರೆ ನನಗೇ ಬಾರದು.

ಸೋಮವಾರ ನನ್ನನ್ನೂ ಕರೆದುಕೊಂಡು ಹೋದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆ ತುಂಬ ವಿಭೂತಿ. ರೇವಣಪ್ಪ ಅವರ ಕೈಗೆ ತಾಳ ಕೊಟ್ಟು ಪದ ಎತ್ತಿಕೊಂಡರು. ಮೊದಲ ಸಾಲು ಹೇಗೋ ದಾಟಿತು. ಎರಡನೆಯ ಸಾಲಿಗೆ ತಾಳ ಹಿಂದೆ ಬಿತ್ತು. ಹಾರ್ಮೋನಿಯಂ ಪೇಟಿ ನುಡಿಸುವವನು ಕತ್ತು ಹೊರಳಿಸಿ ನೋಡಿದ. ತಬಲಾದವನು ಸಂಭಾಳಿಸಲು ಹೋಗಿ ತಾನೂ ತಪ್ಪಿದ. ಆಗ ರೇವಣಪ್ಪ, ಹಾಡು ನಿಲ್ಲಿಸದೆಯೇ, ಕೈ ಚಾಚಿ ಎರಡೂ ತಾಳಗಳನ್ನು ಮೆತ್ತಗೆ ಬಿಡಿಸಿಕೊಂಡರು. ಅವರ ಮುಖವೂ ಸಣ್ಣದಾಗಿತ್ತು. ಮಾಣಿಕಪ್ಪನವರ ಖಾಲಿ ಕೈಗಳು ಮಾತ್ರ ಇನ್ನೂ ಸ್ವಲ್ಪ ಹೊತ್ತು, ಒಂದಕ್ಕೊಂದು ತಾಗದಂತೆ, ಗಾಳಿಯಲ್ಲಿ ಆಡುತ್ತಲೇ ಇದ್ದವು. ನನಗೆ ನೋಡಲಾಗಲಿಲ್ಲ. ತಲೆ ತಗ್ಗಿಸಿ ಕೂತೆ.

ಬಸ್ಸಿನಲ್ಲಿ ಅವರೇ ಮಾತಾಡಿದರು. "ರೇವಣ್ಯಾಂದೇನ್ ತಪ್ಪಿಲ್ರಿ. ದೇವರ ಪದ ಕೆಡಬಾರದು." ಕಪನೂರ ದಾಟಿದ ಮೇಲೆ, "ಆದ್ರ ಆ ಮುದುಕಿ ಏನ್ ಛಂದ ಕುಣೀತಿದ್ದಳು!" ಎಂದರು. ಯಂತ್ರ ಮತ್ತೆ ಡ್ರಾವರು ಸೇರಿತು. ಮುಂದಿನ ಸೋಮವಾರ ಎಂದಿನಂತೆ ಮಠಕ್ಕೆ ಹೋಗಿ ಜಮಖಾನೆ ಹಾಸಿದರಂತೆ, ಚಹಾ ಹಂಚಿದರಂತೆ, ಗೋಡೆಗೆ ಒರಗಿ ಚಪ್ಪಾಳೆಯನ್ನೂ ತಟ್ಟಿದರಂತೆ.

ಆ ಚಳಿಗಾಲದಲ್ಲೇ ಮಾಣಿಕಪ್ಪನವರಿಗೆ ಎದೆನೋವು ಬಂತು. ಕಲಬುರಗಿಯ ಖೂಬಾ ಪ್ಲಾಟಿನ ಬಾಡಿಗೆ ಮನೆಯಿಂದ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ನಾನು ಕಮಲಾಪುರ ಮುಟ್ಟಿದಾಗ ಅವರನ್ನು ಅಂಗಳದಲ್ಲಿ ಕೂಡಿಸಿ ಹೂವಿನ ಹಾರ ಹಾಕಿದ್ದರು. ಮುಂದೆ ಮಠದವರ ಭಜನೆ ನಡೆದಿತ್ತು. ತಾಳ ರೇವಣಪ್ಪನವರ ಕೈಯಲ್ಲಿ. ಪೇಟಿ, ತಬಲಾ, ತಾಳ ಮೂರೂ ಕೂಡಿ ಎಲ್ಲೂ ಕೊಂಕಿಲ್ಲದೆ ಸಾಗಿದ್ದವು. ಸುತ್ತ ಕೂತವರ ಚಪ್ಪಾಳೆಯೂ ಒಂದೇ ಹೊಡೆತಕ್ಕೆ ಬೀಳುತ್ತಿತ್ತು.

ಪದದ ನಟ್ಟನಡುವೆ ರೇವಣಪ್ಪ ತಾಳವನ್ನು ಕೆಳಗಿಟ್ಟುಬಿಟ್ಟರು. ಪೇಟಿಯವನು ಗಾಬರಿಯಾಗಿ ನಿಲ್ಲಿಸಿದ.

"ಏನಾತ್ರಿ ಕಾಕಾ? ನಾ ಎಲ್ಲರೇ ತಪ್ಪಿದೆನೇನು?"

"ಇಲ್ಲೋ ತಮ್ಮಾ," ಎಂದರು ರೇವಣಪ್ಪ. "ಎಲ್ಲಾ ಬರೋಬರಿ ಅದ. ಅದಕ್ಕೇ ನನಗ ಹಾಡ್ಲಾಕ ಆಗವಲ್ದು."