ಗೋಡೆಯ ಬುಡದ ಹಗೇವು

ಮೊಮ್ಮಕ್ಕಳೇ, ಹಿತ್ತಲ ಕಡೆಯ ಗೋಡೆಗೆ ನಿಮ್ಮ ಹಾಸಿಗೆ ತಾಗಿಸಲು ನಾನು ಯಾಕೆ ಬಿಡುವುದಿಲ್ಲ ಎಂದು ಕೇಳುತ್ತಿರುತ್ತೀರಿ. ಎದುರಿಗೆ ಕೂತು ಹೇಳಲು ನನಗೆ ಬರುವುದಿಲ್ಲ. ಬರೆದಿಡುತ್ತೇನೆ.

ಹೋದ ಮಳೆಗಾಲದಲ್ಲಿ ಆ ಗೋಡೆಯ ಬುಡ ಹಸಿಯಾಯಿತು. ಮೊದಲು ಬಿಳಿ ಉಪ್ಪು ಮೂಡಿತು, ಆಮೇಲೆ ಗಿಲಾವು ಉಬ್ಬಿ ಉದುರಿತು. ನಿಮ್ಮ ಅಪ್ಪ ಕುಡಚಿಯ ಗೌಂಡಿಯನ್ನು ಕರೆಸಿ ಹೊರಗಿನಿಂದ ಸಿಮೆಂಟು ಮೆತ್ತಿಸಿದ. ತಿಂಗಳೊಳಗೆ ಅದೂ ಸೀಳಿತು. ಆ ಸೀಳಿನಲ್ಲಿ ನಾನು ದಿನಾ ಬೆರಳಿಟ್ಟು ನೋಡುತ್ತಿದ್ದೆ. ಮೊದಲು ಉಗುರು ಮಾತ್ರ ಹೋಗುತ್ತಿತ್ತು. ಎಂಟು ದಿನಕ್ಕೆ ಬೆರಳೇ ಹೋಯಿತು. ಗೋಡೆಯ ಒಳಬದಿಗೆ ನೀವಿಬ್ಬರೂ ಮಲಗುತ್ತಿದ್ದಿರಿ.

ಗೌಂಡಿ ಮತ್ತೆ ಬಂದ. “ಜ್ವರಾ ಒಳಗ ಐತ್ರಿ ಸಾವ್ಕಾರ್ರ. ಮ್ಯಾಲ ಪೌಡರ್ ಹಚ್ಚಿದ್ರ ಹೋಗೂದಿಲ್ಲ.”

“ಪೌಡರ್ ಹಚ್ಚಿದಾಂವ ಯಾರಪ್ಪ, ನೀನ ಅಲ್ಲೇನು?” ಎಂದ ನಿಮ್ಮ ಅಪ್ಪ.

ಬಚ್ಚಲ ನೀರಿನ ಕೆಲಸವೇ ಇದು ಎಂದು ಇಬ್ಬರೂ ಸೇರಿ ಮೋರಿ ಅಗೆದರು. ಅಲ್ಲಿ ಮಣ್ಣು ಒಣಗಿತ್ತು. ನಾನು ಬಾಗಿಲ ಹಿಂದೆ ನಿಂತಿದ್ದೆ. ನೀರು ಎಲ್ಲಿ ನಿಂತಿದೆ ಎಂದು ನನಗೆ ಗೊತ್ತಿತ್ತು.

ಆ ಗೋಡೆಯಿಂದ ಎರಡು ಮೊಳ ದೂರದಲ್ಲಿ ಒಂದು ಹಗೇವು ಇತ್ತು, ಜೋಳ ತುಂಬಿಡುವ ನೆಲದೊಳಗಿನ ಕುಣಿ. ಬಾಯಿ ಒಬ್ಬರು ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಮದುವೆಯಾದ ವರ್ಷ, ಮೈ ಸಣ್ಣದೆಂದು ನನಗೇ ಹಗ್ಗ ಕಟ್ಟಿ ಇಳಿಸಿದ್ದರು. ಕೈಯ ದೀಪ ಆರಿತು, ಉಸಿರು ಕಟ್ಟಿತು. ಮೇಲೆ ಮಾವನವರು ನಿಂತಿದ್ದರು, ಕೂಗಲು ನಾಚಿಕೆ. ಹಗ್ಗ ಮಾತ್ರ ಎಳೆದೆ.

ಈ ಕೋಣೆ ಕಟ್ಟಿಸುವಾಗ ನಿಮ್ಮ ಅಜ್ಜ ಹಗೇವು ತುಂಬಿಸಿದ್ದೇನೆ ಎಂದು ಎಲ್ಲರಿಗೂ ಹೇಳಿದರು. ತುಂಬಿಸಿರಲಿಲ್ಲ. ಬಿತ್ತನೆಯ ಅವಸರದಲ್ಲಿ ಬಾಯಿಗೆ ಚಪ್ಪಡಿ ಹಾಕಿ ಮಣ್ಣೆಳೆದರು. ಅದರ ಮೇಲೆ ಫರಸಿ ಕಲ್ಲು ಬಂತು. ಆ ಮಳೆಗಾಲಕ್ಕೆ ಮುಂಚೆ ಮಾಳಿಗೆಯ ನೀರಿನ ಪೈಪು ಅಲ್ಲಿಗೇ ಇಳಿಯಿತು. ಇಷ್ಟೂ ನೋಡಿದ್ದೆ. ಈಗ ಹೇಳಿದರೆ, ತೀರಿಹೋದವರನ್ನು ಮಗನ ಮುಂದೆ ಸುಳ್ಳು ಮಾಡಿದಂತೆ.

ಗೋಡೆಗೆ ಕಿವಿಯಿಟ್ಟೆ. ಒಳಗೆ ಸಣ್ಣಗೆ ಮಣ್ಣು ಉದುರುತ್ತಿತ್ತು. ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಗೆ ಹೋಗಿ ಆ ಫರಸಿಯ ಮೇಲೆ ನಿಂತೆ.

“ಇಲ್ಲಿ ಅಗೀರಿ.”

“ಏನೈತಿ ಯವ್ವಾ ಅಲ್ಲಿ?” ಎಂದ ನಿಮ್ಮ ಅಪ್ಪ.

“ಹಗೇವು.”

“ಅಪ್ಪ ತುಂಬಿಸೇನಿ ಅಂದಿದ್ನಲ್ಲ?”

“ತುಂಬಿಸಿಲ್ಲ. ನಾ ನೋಡೇನಿ.”

ಗೌಂಡಿ ಎರಡು ಹೆಜ್ಜೆ ಹಿಂದೆ ಸರಿದ. “ಆಯಿ, ಮೊದಲ ನೀವು ಅಲ್ಲಿಂದ ಈಚೆ ಬರ್ರಿ. ಮುಂಜಾನೆ ಅಲ್ಲೇ ಕುಂತು ನಾ ಚಾ ಕುಡದೇನಿ.”

ಹಾರೆ ಹಾಕಿ ಚಪ್ಪಡಿ ಎತ್ತಿದರು. ಕೊಳೆತ ಜೋಳದ ನಾತ ಬಂತು. ಗೌಂಡಿ ಒಂದು ಕಲ್ಲು ಬಿಟ್ಟ. ಬುಳಕ್ ಎಂದಿತು. ಉದ್ದನೆಯ ಬಿದಿರನ್ನು ಗೋಡೆಯ ಕಡೆಗೆ ಓರೆಯಾಗಿ ತೂರಿಸಿದ. ಅದು ಎಲ್ಲಿಯೂ ತಾಗದೆ ಪೂರಾ ಒಳಗೆ ಹೋಯಿತು.

“ಹುಡುಗರು ಎಲ್ಲಿ ಮಲಗ್ತಾವ್ರಿ?”

ನಿಮ್ಮ ಅಪ್ಪ ಕಿಟಕಿ ತೋರಿಸಿದ.

“ಹಂಗಾರ ಇದರ ಹೊಟ್ಟಿ ಮ್ಯಾಲ ಮಲಗ್ಯಾವ.”

ನಿಮ್ಮ ಅಪ್ಪ ಒಳಗೆ ಹೋಗಿ ನಿಮ್ಮ ಹಾಸಿಗೆಗಳನ್ನು ತಾನೇ ಪಡಸಾಲೆಗೆ ಹೊತ್ತು ತಂದ. ಗೋಡೆಗೆ ಮರದ ಆನಿಕೆ ಕೊಟ್ಟು, ಪಂಪು ಹಚ್ಚಿ ನೀರು ಎಳೆದು, ಕುಣಿಗೆ ಕಲ್ಲು, ಗರಸು ಮಣ್ಣು ಬಡಿದು ತುಂಬಿದರು. ಗೋಡೆಯ ಬುಡವನ್ನು ತುಂಡು ತುಂಡಾಗಿ ಬಿಚ್ಚಿ ಕಟ್ಟಿದರು. ಪೈಪನ್ನು ದೂರಕ್ಕೆ ತಿರುಗಿಸಿದರು. ತನ್ನ ಅಪ್ಪನ ಮಾತನ್ನು ಮಗ ಮತ್ತೆ ಎತ್ತಲಿಲ್ಲ.

ಈಗ ಗೋಡೆ ಗಟ್ಟಿಯಾಗಿದೆ ಎನ್ನುತ್ತಾರೆ. ಇರಬಹುದು. ಆದರೂ ಮಳೆ ಹಿಡಿದರೆ ನಾನು ಅದರ ಬುಡಕ್ಕೆ ಅಂಗೈಯಿಟ್ಟು ನೋಡುತ್ತೇನೆ. ನಮ್ಮ ಅತ್ತೆ ಒಮ್ಮೆ ರೊಟ್ಟಿ ಬಡಿಯುತ್ತ, ಈ ಹಿತ್ತಲಲ್ಲಿ ಹಗೇವು ಎರಡು ಇದ್ದವು ಎಂದಿದ್ದರು. ಇನ್ನೊಂದು ಎಲ್ಲಿ ಎಂದು ಕೇಳಲು ನನಗೆ ಅವತ್ತು ಬಾಯಿ ಬರಲಿಲ್ಲ.